ಕೋಳಿ ಸಾಕದ ಊರು

ಚಾಮರಾಜನಗರ ಸ್ಟೇಷನ್ನು

ನಾನು ಇಂಗ್ಲೆಂಡಿಗೆ ಹೊರಟದ್ದು ಚಾಮರಾಜನಗರದ ರೈಲಿನಲ್ಲಿ. ಹಡಗು ಹತ್ತಿದ್ದು ಬೊಂಬಾಯಿಯಲ್ಲಿ, ನಿಜ. ಆದರೆ ಅವ್ವ ಅತ್ತದ್ದು ಚಾಮರಾಜನಗರದ ಸ್ಟೇಷನ್ನಿನಲ್ಲಿ. ಹಾಗಾಗಿ ನನ್ನ ಲೆಕ್ಕದಲ್ಲಿ ಪ್ರಯಾಣ ಶುರುವಾದದ್ದು ಅಲ್ಲಿಂದಲೇ.

ಆಗ ಐವತ್ತರ ದಶಕದ ಮೊದಮೊದಲು. ಗುಂಡ್ಲುಪೇಟೆಯ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ನನ್ನನ್ನು, ಅದನ್ನೇ ಇನ್ನೂ ಚೆನ್ನಾಗಿ ತಿದ್ದಿಸುವುದು ಹೇಗೆಂದು ಕಲಿತು ಬರಲು ಒಂದು ವರ್ಷದ ಮಟ್ಟಿಗೆ ಲಂಡನ್ನಿಗೆ ಕಳಿಸಿದರು. ನಮ್ಮೂರು ಹರವೆಯಿಂದ ಗಾಡಿ ಕಟ್ಟಿಕೊಂಡು ಬಂದ ಜನ ಪ್ಲಾಟ್‌ಫಾರಂ ತುಂಬ ನಿಂತಿದ್ದರು. ಬೀಳ್ಕೊಡಲು ಬಂದವರಿಗಿಂತ ನಾನು ಕೋಟು ಹಾಕಿದರೆ ಹೇಗೆ ಕಾಣುತ್ತೇನೆಂದು ನೋಡಲು ಬಂದವರೇ ಹೆಚ್ಚು. ನೋಡಿ ನಕ್ಕರು. ಈಗ ನೆನೆದರೆ ನನಗೂ ನಗು ಬರುತ್ತದೆ. ತೋಳು ಬೆರಳ ತುದಿಗೆ ಬರುವ ಕೋಟು ಅದು, ಯಾರೋ ಅಮಲ್ದಾರರದ್ದು.

ಅವ್ವನಿಗೆ ಲಂಡನ್ನಿನ ಮೇಲಾಗಲಿ ನನ್ನ ಕಲಿಕೆಯ ಮೇಲಾಗಲಿ ಗಮನವಿರಲಿಲ್ಲ. ನನ್ನ ಅಕ್ಕ ಚಿಕ್ಕತಾಯಿಯನ್ನು ಕುದೇರಿಗೆ ಕೊಟ್ಟಿತ್ತು. ಭಾವ ನೂಲಿನ ಗಿರಣಿಯ ಕೆಲಸ ಕಲಿಯಲೆಂದು ಇಂಗ್ಲೆಂಡಿನ ನಡುಭಾಗದ ಒಂದು ಗುಡ್ಡಗಾಡು ಊರಿಗೆ ಹೋದವರು, ಅಕ್ಕನನ್ನೂ ಕೈಗೂಸು ಮಾದುವನ್ನೂ ಜೊತೆಗೇ ಕರೆದೊಯ್ದಿದ್ದರು. ಅವರು ಹೋಗಿ ಒಂದೂವರೆ ವರ್ಷವಾಗಿತ್ತು.

"ಮಗೀನ ಕಣ್ಣಾರೆ ನೋಡ್ಕಂಡ್ ಬಾ ಕಣ್ಲಾ," ಅಂದಳು ಅವ್ವ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಅವ್ಳು ಬರ್ಯೋ ಕಾಗ್ದದಲ್ಲಿ ಬರೀ ಎಲ್ಲಾರೂ ಚೆಂದಾಗಿವಿ, ಎಲ್ಲಾರೂ ಚೆಂದಾಗಿವಿ. ಚೆಂದಾಗಿರೋರು ಅಷ್ಟ್ ಸಲ ಯಾಕ್ಲಾ ಬರ್ದಾರು?"

ರೈಲು ಬದನಗುಪ್ಪೆ ದಾಟುವವರೆಗೂ ನನಗೆ ಆ ಮಾತೇ ಕಿವಿಯಲ್ಲಿತ್ತು.

ಹಡಗು

ಹಡಗಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಉಪ್ಪಿನಕಾಯಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಅವ್ವ ಕಟ್ಟಿಕೊಟ್ಟ ನಿಂಬೆಕಾಯಿಯ ಜಾಡಿ ಏಡನ್ ತಲುಪುವ ಮೊದಲೇ ಬಿರುಕು ಬಿಟ್ಟು, ಅಮಲ್ದಾರರ ಕೋಟಿಗೆ ಎಣ್ಣೆ ಇಳಿಯಿತು. ನನ್ನ ಕೋಣೆಯಲ್ಲಿದ್ದವನು ಬತ್ತೇರಿಯ ಕಡೆಯ ಒಬ್ಬ ಮಲಯಾಳಿ. ಕೋಟನ್ನು ಮೂಸಿ ನೋಡಿ, "ಗುಂಡ್ಲುಪೇಟೆ ಸಂತೆಯ ಮೆಣಸಿನಕಾಯಿ ಅಲ್ಲವೇ ಇದು?" ಅಂದ. ನಮ್ಮ ಸಂತೆಯಲ್ಲಿ ಎಮ್ಮೆ ಕೊಂಡವನಂತೆ! ಗುಂಡ್ಲುಪೇಟೆಯಿಂದ ಬತ್ತೇರಿಗೆ ಒಂದು ಕಾಡು ದಾಟಿದರೆ ಆಯಿತು. ನಾವು ಪರಸ್ಪರ ಭೇಟಿಯಾಗಲು ಸಮುದ್ರದ ನಡುವಿಗೆ ಬರಬೇಕಾಯಿತು. ಉಳಿದ ಉಪ್ಪಿನಕಾಯಿಯನ್ನು ಇಬ್ಬರೂ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದೆವು.

ಇಳಿಯುವ ಕಡೆ ಸುಂಕದವನು ನನ್ನ ರಾಗಿಹಿಟ್ಟಿನ ಗಂಟು ಬಿಚ್ಚಿ, ಬೆರಳು ಅದ್ದಿ, ಇದೇನೆಂದು ಕೇಳಿದ. ಊಟ ಅಂದೆ. ಅವನು ನನ್ನ ಮುಖವನ್ನೂ ಹಿಟ್ಟನ್ನೂ ನೋಡಿ ಪಾಪ ಅನ್ನುವಂತೆ ತಲೆಯಾಡಿಸಿ ಬಿಟ್ಟುಬಿಟ್ಟ.

ಅಕ್ಕನ ಬೀದಿ

ಆರು ತಿಂಗಳು ಲಂಡನ್ನಿನಲ್ಲಿ ಕಳೆದ ಮೇಲೆ ವಸಂತದ ರಜ ಬಂತು. ರೈಲಿಳಿದು ಬಸ್ಸು ಹತ್ತಿ ಅಕ್ಕನ ಊರು ತಲುಪಿದೆ. ಕಣಿವೆಯಲ್ಲಿ ಗಿರಣಿ, ಗುಡ್ಡದ ಮೇಲೆ ಕಲ್ಲಿನ ಮನೆಗಳ ಒಂದು ಸಾಲು, ಸಾಲಿನ ಹಿಂದೆ ಸುಣ್ಣದ ಬಣ್ಣದ ದೊಡ್ಡ ದೊಡ್ಡ ದಿಬ್ಬಗಳು. ಒಂದು ಕಾಲಕ್ಕೆ ಅಲ್ಲಿ ಗಣಿ ಇತ್ತಂತೆ. ಅದು ಮುಚ್ಚಿ ಒಂದೆರಡು ತಲೆಮಾರಾಗಿತ್ತು. ಅದಿರನ್ನು ಕುಟ್ಟಿ ತೊಳೆದು ಬೇಕಾದದ್ದನ್ನು ತೆಗೆದುಕೊಂಡು, ಬೇಡದ್ದನ್ನು ಹಾಗೆ ರಾಶಿ ಹಾಕಿ ಹೋಗಿದ್ದರು. ಆ ದಿಬ್ಬಗಳ ಮೇಲೆ ಹುಲ್ಲು ಕೂಡ ಸರಿಯಾಗಿ ಬೆಳೆದಿರಲಿಲ್ಲ. ಮಕ್ಕಳು ತಗಡಿನ ತಟ್ಟೆಯ ಮೇಲೆ ಕೂತು ಮೇಲಿನಿಂದ ಜಾರುತ್ತ ಕೂಗಾಡುತ್ತಿದ್ದವು.

ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ಕಂಡವಳೇ ಬೀದಿಗೆ ಓಡಿ ಬಂದಳು.

"ಬಾರ್ಲಾ, ಬಾರ್ಲಾ! ಏನ್ಲಾ ಇಂಗ್ ಸೊರಗೋಗಿದ್ದೀ! ಲಂಡನ್ನಲ್ಲಿ ಇಟ್ಟು ಆಕಲ್ವಾ ನಿಂಗೆ?"

ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ. ಅದೂ ನಮ್ಮ ಹರವೆಯ ಕನ್ನಡ. ಅವಳಿಗೆಂದೇ ತೆಗೆದಿಟ್ಟಿದ್ದ ರಾಗಿಹಿಟ್ಟಿನ ಗಂಟನ್ನು ಅವಳ ಕೈಗೆ ಕೊಟ್ಟೆ. ಅವಳು ಅಲ್ಲೇ ನಿಂತು ಗಂಟಿಗೆ ಮೂಗು ಇಟ್ಟಳು.

ಮಾದು ಒಳಗೆ ನೆಲದ ಮೇಲೆ ಕೂತಿದ್ದ. ಎರಡೂವರೆ ವರ್ಷದ ಮಗು. ಕಾಗದಗಳಲ್ಲಿ ಅವನು ಮಾವ ಅನ್ನುತ್ತಾನೆ, ಕಾಕಿ ಅನ್ನುತ್ತಾನೆ ಎಂದೆಲ್ಲ ಓದಿದ್ದೆ. ಊರಿಂದ ತಂದಿದ್ದ ಚನ್ನಪಟ್ಟಣದ ಮರದ ಕುದುರೆಯನ್ನು ಮುಂದೆ ಹಿಡಿದೆ. ಅದನ್ನು ನೋಡಿದ, ನನ್ನನ್ನು ನೋಡಿದ, ಗೋಡೆಯ ಕಡೆ ತಿರುಗಿಕೊಂಡ. ಮುಖ ಬಿಳಿಚಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಅಳಲು ಶುರು ಮಾಡಿದ.

"ಯಾವಾಗ್ಲೂ ಇಂಗೇನಾ?" ಅಂದೆ.

"ಈಚೀಚೆಗೆ ಕಣ್ಲಾ. ಮಾತಾಡ್ತಿದ್ದ, ನಿಲ್ಲಿಸ್ಬುಟ್ಟ. ಊಟ ಸೇರಕಿಲ್ಲ. ಇಲ್ಲಿನ ಡಾಕ್ಟ್ರು ರಕ್ತ ಕಮ್ಮಿ ಅಂದು ಟಾನಿಕ್ ಕೊಟ್ಟವ್ರೆ. ನಂಗೇನೋ ದೃಷ್ಟಿ ಆಗದೆ ಅನ್ಸ್ತದೆ. ಈ ಜನದ ಕಣ್ಣು ನೋಡಿದ್ದೀಯಾ, ನೀಲಿ!"

ಭಾವ ಸಂಜೆ ಗಿರಣಿಯಿಂದ ಬಂದವರು ದೃಷ್ಟಿಯ ಮಾತಿಗೆ ನಕ್ಕರು. ಆದರೆ ಅಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ಅವರೇ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಮೊದಲ ಬೆಳಗು

ಬೆಳಗ್ಗೆ ಎದ್ದು ಹೊರಗೆ ಬಂದರೆ ನಾನು ಹರವೆಯಲ್ಲೇ ಇದ್ದೇನೋ ಅನ್ನಿಸಿತು. ಬಾಗಿಲ ಮುಂದಿನ ಕಲ್ಲುಚಪ್ಪಡಿಗೆ ನೀರು ಹಾಕಿ ಅಕ್ಕ ರಂಗೋಲಿ ಬಿಡುತ್ತಿದ್ದಳು. ಹದಿನೈದು ಚುಕ್ಕಿಯ ದೊಡ್ಡ ರಂಗೋಲಿ. ಬೆರಳ ಸಂದಿಯಿಂದ ಬಿಳಿ ಎಳೆ ಒಂದೇ ಸಮ ಇಳಿಯುತ್ತಿತ್ತು. ಅವ್ವ ಅವಳಿಗೆ ಇದನ್ನು ಕಲಿಸಿದ್ದು ನನಗೆ ನೆನಪಿದೆ. ನಾನು ಎಳೆಯ ಮೇಲೆ ಓಡಿ ಇಬ್ಬರಿಂದಲೂ ಗುದ್ದು ತಿನ್ನುತ್ತಿದ್ದೆ.

ಮಾದು ಹೊಸ್ತಿಲ ಮೇಲೆ ಕೂತು ಪುಡಿಯ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದ. ಪಕ್ಕದ ಮನೆಯ ಮುದುಕಿ ಎಡ್ನಾ ಎಂಬಾಕೆಯ ಮೊಮ್ಮಗಳು ಜೂನ್, ನಾಲ್ಕು ವರ್ಷದ್ದು, ಅಕ್ಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೂ ಒಂದು ಸೊಟ್ಟ ಎಳೆ ಎಳೆಯುತ್ತಿತ್ತು. ಎಡ್ನಾ ತನ್ನ ಬಾಗಿಲಿಂದ ಹೊರಬಂದು, ಹವೆ ತಣ್ಣಗಿದೆ ಅಂದಳು. ಆ ಊರಿನಲ್ಲಿ ಯಾರೂ ಊಟ ಆಯಿತಾ ಎಂದು ಕೇಳುವುದಿಲ್ಲ, ಹವೆಯನ್ನು ಕೇಳುತ್ತಾರೆ. ಆಮೇಲೆ ರಂಗೋಲಿಯನ್ನು ತುಳಿಯದಂತೆ ಅಷ್ಟು ದೂರ ಸುತ್ತಿಕೊಂಡು ಹೋದಳು. ಅದು ನಮ್ಮ ಪೂಜೆ, ಅದರ ಬಗ್ಗೆ ಏನನ್ನಾದರೂ ಕೇಳಿದರೆ ಮರ್ಯಾದೆಯಲ್ಲ ಎಂದು ಆಕೆ ತಿಳಿದಿದ್ದಳು.

"ಊರಿಂದ ಇಷ್ಟೊಂದು ಪುಡಿ ತಂದಿದ್ಯಾ?" ಎಂದು ಕೇಳಿದೆ.

ಅಕ್ಕನ ಮುಖ ಅರಳಿತು. "ತಂದಿದ್ದು ತಿಂಗ್ಳಿಗೇ ಖಾಲಿ ಆಯ್ತು. ಆಮ್ಯಾಕೆ ನೋಡಿದ್ರೆ ಇಲ್ಲಿ ರಂಗೋಲಿ ಬೆಟ್ಟಾನೇ ಅದೆ ಕಣ್ಲಾ! ಅಗೋ, ಆ ದಿಬ್ಬ. ಕುಟ್ಟಂಗಿಲ್ಲ, ಜರಡಿ ಇಡಿಯಂಗಿಲ್ಲ, ನಯವಾಗಿ ಬಿದ್ದದೆ. ಒಬ್ರೂ ಮುಟ್ಟಕಿಲ್ಲ. ಪಾಪ, ಏನ್ ಗೊತ್ತು ಅವ್ರಿಗೆ!"

"ಯಾರ್ನಾದ್ರೂ ಕೇಳ್ದ್ಯಾ?"

"ಒಳೆ ನೀರಿಗೆ ದೊಣ್ಣೆನಾಯ್ಕನ ಅಪ್ಪಣೆ ಯಾಕ್ಲಾ?"

ನಾನು ನಕ್ಕೆ. ಆ ಪುಡಿ ನಿಜವಾಗಿಯೂ ನಮ್ಮ ಬಿಳಿಕಲ್ಲಿನ ಪುಡಿಗಿಂತ ಚೆನ್ನಾಗಿತ್ತು. ಬಿಸಿಲು ಬಿದ್ದ ಕಡೆ ಅಲ್ಲಲ್ಲಿ ಮಿನುಗುತ್ತಿತ್ತು. ಮಾದು ಬೆರಳನ್ನು ಬಾಯಿಗಿಟ್ಟುಕೊಂಡ. "ಥೂ ಅನ್ನು, ಥೂ," ಎಂದು ಅಕ್ಕ ಬೆರಳು ಒರೆಸಿದಳು. ಅದಕ್ಕಿಂತ ಹೆಚ್ಚಿಗೆ ಯಾರು ಏನು ಮಾಡುತ್ತಾರೆ? ನಮ್ಮ ಕಡೆ ಮಣ್ಣು ತಿನ್ನದ ಮಗು ಯಾವುದಿದೆ?

ಯುಗಾದಿಯ ಹಿಂದಿನ ದಿನ

ಯುಗಾದಿ ಹತ್ತಿರ ಬಂತು. ಬೇವಿನ ಬದಲು ಯಾವುದೋ ಕಹಿ ಸೊಪ್ಪು ಹುಡುಕುವುದು ಭಾವನ ಕೆಲಸವಾಯಿತು. ನಾನು ಬೇರೊಂದು ಕೆಲಸ ವಹಿಸಿಕೊಂಡೆ. ಸೊರಗಿದ ಮಗುವಿಗೆ ಅವ್ವ ಕೊಡುತ್ತಿದ್ದ ಮದ್ದು ಒಂದೇ, ದಿನಾ ಬೆಳಗ್ಗೆ ಬಿಸಿಬಿಸಿ ನಾಟಿ ಮೊಟ್ಟೆ. ಹಿತ್ತಲಲ್ಲಿ ನಾಲ್ಕು ಕೋಳಿ ಕಟ್ಟಿಕೊಟ್ಟು ಹೋದರೆ ಮಾದು ತಿಂಗಳಲ್ಲಿ ಚಿಗುರಿಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದೆ. ಆಗ ಹೊಳೆಯಿತು, ಆ ಊರಿನಲ್ಲಿ ನಾನು ಒಂದೂ ಕೋಳಿ ನೋಡಿರಲಿಲ್ಲ. ಹರವೆಯಲ್ಲಿ ಕೋಳಿಗಳು ಬೀದಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಟ್ಟಕ್ಕೆ ಓಡಾಡಿಕೊಂಡಿರುತ್ತವೆ. ಇಲ್ಲಿಯ ಮೌನಕ್ಕೆ ಅದೇ ಕಾರಣವೆಂದು ಅನ್ನಿಸಿತು. ಬೆಳಗ್ಗೆ ಕೂಗಿ ಎಬ್ಬಿಸಲು ಒಂದು ಹುಂಜವೂ ಇರಲಿಲ್ಲ.

ಗುಡ್ಡದ ಆಚೆ ಬದಿಯಲ್ಲಿ ಕೋಳಿ ಸಾಕುವ ರೈತನೊಬ್ಬನಿದ್ದ. ಒಳ್ಳೆಯ ಮನುಷ್ಯ. ಹವೆಯ ಮಾತು ಮುಗಿಸಿ, ನಾಲ್ಕು ಹೇಟೆಗಳನ್ನು ನಾನೇ ಹಿಡಿದು ನೋಡಲು ಬಿಟ್ಟ. ನಾನು ರೆಕ್ಕೆ ಎತ್ತಿ ತೂಕ ನೋಡಿದ ರೀತಿ ಅವನಿಗೆ ಮೆಚ್ಚಿಗೆಯಾಯಿತು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದ. ದಿಬ್ಬದ ಪಕ್ಕದ ಸಾಲುಮನೆಗೆ ಅಂದೆ.

ಅವನು ನನ್ನ ಕೈಯಿಂದ ಕೋಳಿಯನ್ನು ಮೆಲ್ಲಗೆ ಬಿಡಿಸಿಕೊಂಡು ಗೂಡಿಗೆ ಹಾಕಿದ.

"ಅಲ್ಲಿಗೆ ಕೊಡುವುದಿಲ್ಲ," ಅಂದ. "ಅಲ್ಲಿ ಕೋಳಿ ಬದುಕುವುದಿಲ್ಲ. ನನ್ನ ಅಜ್ಜನ ಕಾಲದಿಂದಲೂ ಅಲ್ಲಿ ಯಾರೂ ಸಾಕುವುದಿಲ್ಲ."

ಮೊದಲು ನನಗೆ ಕೋಪ ಬಂತು. ಕರಿಯ ಮನುಷ್ಯನಿಗೆ ಮಾರಲು ಮನಸ್ಸಿಲ್ಲದೆ ನೆವ ಹೇಳುತ್ತಿದ್ದಾನೆ ಅಂದುಕೊಂಡೆ. ಯಾಕೆ ಬದುಕುವುದಿಲ್ಲ ಎಂದು ಮೇಷ್ಟ್ರ ಗತ್ತಿನಲ್ಲೇ ಕೇಳಿದೆ.

ಅವನು ಬಿಡಿಸಿ ಹೇಳಿದ. ಅದು ಸೀಸದ ಗಣಿ. ಕೋಳಿ ನೆಲ ಕೆದಕಿ ಕಲ್ಲುಪುಡಿ ನುಂಗುವ ಜಾತಿ. ಆ ದಿಬ್ಬದ ಪುಡಿಯಲ್ಲಿ ಇನ್ನೂ ಸೀಸವಿದೆ. ನುಂಗಿದ ಕೋಳಿ ಮೊದಲು ಮೇವು ಬಿಡುತ್ತದೆ, ಆಮೇಲೆ ಕೂಗುವುದು ಬಿಡುತ್ತದೆ, ಮಂಕಾಗಿ ಮೂಲೆ ಹಿಡಿದು ಕೂರುತ್ತದೆ, ಆಮೇಲೆ ಸಾಯುತ್ತದೆ.

ನಾನು ಅವನಿಗೆ ವಂದನೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಸೀಸ ಎಂದರೆ ಏನೆಂದು ನಮ್ಮ ಮನೆಯಲ್ಲಿ ಅಕ್ಷರ ಬಾರದ ಅವ್ವನಿಗೂ ಗೊತ್ತು. ಕಲಾಯಿಯವನು ತವರಕ್ಕೆ ಸೀಸ ಬೆರೆಸಿದ ಅನುಮಾನ ಬಂದರೆ ಅವಳು ಪಾತ್ರೆಯನ್ನು ಅವನ ಮುಂದೆಯೇ ಬೀದಿಗೆ ಎಸೆಯುತ್ತಿದ್ದಳು. ಗುಡ್ಡ ಇಳಿಯುವಾಗ ಮೊದಲು ನಡೆಯುತ್ತಿದ್ದೆ, ಆಮೇಲೆ ಓಡುತ್ತಿದ್ದೆ. ಗೋಡೆಯ ಕಡೆ ತಿರುಗಿ ಕೂತಿದ್ದ ಮಾದುವಿನ ಬೆನ್ನು ಕಣ್ಣ ಮುಂದಿತ್ತು.

ಹಬ್ಬಕ್ಕೆಂದು ಅಕ್ಕ ಡಬ್ಬಿ ತುಂಬಿಕೊಂಡು ಬಂದು ಇಟ್ಟಿದ್ದಳು. ಮಾದು ಅದರ ಪಕ್ಕದಲ್ಲೇ ಇದ್ದ. ನಾನು ಅವನನ್ನು ಎತ್ತಿಕೊಂಡು ಬಾಯೊಳಗೆ ಬೆರಳು ಹಾಕಿ ಒರೆಸಿದೆ. ಅವನು ಕಿರುಚಿದ.

"ಏನ್ಲಾ, ಮಗೀಗೆ ಏನ್ ಮಾಡ್ತಾ ಇದ್ದೀ!" ಎಂದು ಅಕ್ಕ ಓಡಿ ಬಂದಳು.

"ಅಕ್ಕ, ಅದು ರಂಗೋಲಿ ಅಲ್ಲ. ವಿಸ ಕಣಕ್ಕ, ವಿಸ!"

ಆಸ್ಪತ್ರೆ

ನಗರದ ಆಸ್ಪತ್ರೆಗೆ ಮೂವರೂ ಮಗುವನ್ನು ಎತ್ತಿಕೊಂಡು ಹೋದೆವು. ಹಬ್ಬದ ದಿನವನ್ನು ಅಲ್ಲಿಯ ಬೆಂಚಿನ ಮೇಲೆ ಕಳೆದೆವು. ರಕ್ತ ತೆಗೆದರು, ಮೊಣಕಾಲಿನ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ದೀಪದ ಮುಂದೆ ಹಿಡಿದು ನಮ್ಮನ್ನು ಹತ್ತಿರ ಕರೆದರು. ಮೂಳೆ ಬೆಳೆಯುವ ತುದಿಯಲ್ಲಿ, ಅಡ್ಡಲಾಗಿ, ಒಂದು ಗಟ್ಟಿ ಬಿಳಿ ಗೆರೆ. ಒಳಗೆ ಹೋದ ಸೀಸ ಅಲ್ಲಿ ಕೂತಾಗ ಹೀಗೆ ಕಾಣುತ್ತದೆ ಎಂದರು. ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಅವಳಿಗೆ ಹೇಳಬೇಕಾಗಿರಲಿಲ್ಲ.

"ಅದು ನಾನ್ ಎಳ್ದಿದ್ ಎಳೆ ಕಣ್ಲಾ," ಅಂದಳು.

ಭಾವ ಅವಳ ಭುಜ ಹಿಡಿದುಕೊಂಡರು. ಕುದೇರಿನಲ್ಲಿ ನಾಲ್ಕು ಜನರ ಮುಂದೆ ಹೆಂಡತಿಯ ಮುಖ ಕೂಡ ನೋಡದಿದ್ದವರು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಂಗಾದ್ರೂ ಹೊಳೀಬೇಕಾಗಿತ್ತು, ಬುಡು," ಅಂದರು.

ಮಗುವನ್ನು ಅಲ್ಲೇ ಉಳಿಸಿಕೊಂಡರು. ಸೀಸವನ್ನು ಹೊರಗೆ ಎಳೆಯುವ ಸೂಜಿಮದ್ದು ಆಗತಾನೇ ಬಂದಿತ್ತಂತೆ. ಬದುಕುತ್ತಾನೆ, ಹೆದರಬೇಡಿ ಎಂದರು ಡಾಕ್ಟರು. ಮೊದಲಿನ ಹಾಗೆ ಆಗುತ್ತಾನಾ ಎಂದು ಕೇಳಿದೆ. ಆ ಮನುಷ್ಯ ಸುಳ್ಳು ಹೇಳಲಿಲ್ಲ. ಹೊಟ್ಟೆನೋವು ಹೋಗುತ್ತದೆ, ಮಾತು ಬಂದೀತು. ತಲೆಗೆ ಎಷ್ಟು ತಾಗಿದೆ ಎಂದು ಅವನು ಸ್ಕೂಲಿಗೆ ಹೋಗುವ ಕಾಲಕ್ಕೆ ನಿಮಗೇ ತಿಳಿಯುತ್ತದೆ ಅಂದರು. ಈ ಕೊನೆಯ ಮಾತನ್ನು ನಾನು ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಬೋಳು ಬಾಗಿಲು

ಮಾರನೆಯ ಬೆಳಗ್ಗೆ ಅಕ್ಕ ಖಾಲಿ ಕೈಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ನಮ್ಮಲ್ಲಿ ರಂಗೋಲಿ ಬಿಡದ ಬಾಗಿಲೆಂದರೆ ಒಳಗೆ ಸಾವಾಗಿದೆ ಎಂದು ಅರ್ಥ; ದಾರಿಹೋಕನೂ ಅದನ್ನು ನೋಡಿ ದನಿ ತಗ್ಗಿಸುತ್ತಾನೆ.

"ಮಗ ಆಸ್ಪತ್ರೇಲಿ ಮಲಗವ್ನೆ, ಬಾಗ್ಲು ಬೋಳಾಗದೆ," ಅಂದಳು. "ಇದ್ಕಿಂತ ಅಪಸಕುನ ಏನ್ಲಾ ಬೇಕು?"

"ಅಕ್ಕಿಹಿಟ್ಟಲ್ಲಿ ಬುಡಕ್ಕ."

"ಬ್ಯಾಡ. ಅದೂ ಬೆಳ್ಳಗೇ ಇರ್ತದೆ. ಅವ್ನ್ಗೆ ಯಾವ್ದು ಎಂಗೆ ಅಂತ ಎಂಗ್ಲಾ ಗೊತ್ತಾಯ್ತದೆ? ಬೋಳಾಗೇ ಇರ್ಲಿ." ಹಾಗೆಂದವಳೇ ಬಕೆಟ್ಟು ತಂದು ಚಪ್ಪಡಿಗೆ ನೀರು ಸುರಿದು ಉಜ್ಜತೊಡಗಿದಳು. ನಾನೂ ಭಾವನೂ ನೀರು ಹೊತ್ತೆವು.

ಸದ್ದಿಗೆ ಎಡ್ನಾ ಹೊರಗೆ ಬಂದಳು. ಅಷ್ಟು ದಿನ ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವಳಿಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಆ ಪುಡಿ ನಮ್ಮ ಅಡುಗೆಮನೆಯ ಯಾವುದೋ ಹಿಟ್ಟೆಂದು ತಿಳಿದಿದ್ದಳು. ದಿಬ್ಬದ್ದೆಂದು ಕೇಳಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ದಿಬ್ಬದ ಕಡೆ ನೋಡಿದಳು. ಅಷ್ಟು ಬೆಳಗ್ಗೆಯೇ ನಾಲ್ಕೈದು ಮಕ್ಕಳು ತಗಡಿನ ತಟ್ಟೆ ಹಿಡಿದು ಹತ್ತುತ್ತಿದ್ದವು, ಜೂನ್ ಎಲ್ಲರಿಗಿಂತ ಮುಂದೆ.

"ಕೋಳಿಗಳನ್ನು ದೂರ ಇಟ್ಟೆವು," ಅಂದಳು ಎಡ್ನಾ. "ಹಸುಗಳಿಗೆ ಬೇಲಿ ಹಾಕಿದೆವು. ನಾನೂ ಅಲ್ಲೇ ಜಾರಿ ಬೆಳೆದವಳು. ನನ್ನ ತಮ್ಮನೂ. ಅವನು ಕೊನೆಯವರೆಗೂ ಓದಲು ಕಲಿಯಲೇ ಇಲ್ಲ. ನಮ್ಮ ವಂಶವೇ ಸ್ವಲ್ಪ ಮಂದ ಅಂತ ಎಲ್ಲರೂ ಅನ್ನುತ್ತಿದ್ದರು."

ಆ ವಾರ ಎಡ್ನಾ ಜೂನಳನ್ನು ಕರೆದುಕೊಂಡು ನಾವು ಹೋದ ಆಸ್ಪತ್ರೆಗೇ ಹೋದಳು. ಜೂನಳ ರಕ್ತದಲ್ಲೂ ಸೀಸ ಸಿಕ್ಕಿತು, ಮಾದುವಿನಷ್ಟಿಲ್ಲ. ಸಾಲಿನ ಬೇರೆ ತಾಯಂದಿರೂ ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ನಮ್ಮವರಾಗಿದ್ದರೆ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡು ಯಾರಿಗಾದರೂ ಶಾಪ ಹಾಕುತ್ತಿದ್ದರು. ಅವರು ಕ್ಯೂ ನಿಂತು, ಹವೆಯ ಮಾತಾಡುತ್ತ, ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ನಾನು ಲಂಡನ್ನಿಗೆ ಹೊರಡುವ ಹೊತ್ತಿಗೆ ಮಾದು ಮನೆಗೆ ಬಂದಿರಲಿಲ್ಲ. ಆಸ್ಪತ್ರೆಗೆ ಹೋಗಿ ಅವನನ್ನು ನೋಡಿದೆ. ಸೂಜಿಯಿಂದ ತೊಡೆ ಊದಿತ್ತು. ಆದರೆ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ನನ್ನ ಕೋಟಿನ ಗುಂಡಿ ಹಿಡಿದು ಎಳೆದ. ನಾನು ಅತ್ತೆ.

ಗುಂಡ್ಲುಪೇಟೆ

ಅವರು ಊರಿಗೆ ಮರಳಿದಾಗ ಅವ್ವ ಮಾದುವಿನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಚೆನ್ನಾಗಿದ್ದಾನೆ ಎಂದು ಊರಿಗೆಲ್ಲ ಸಕ್ಕರೆ ಹಂಚಿದಳು. ಚೆನ್ನಾಗಿಯೇ ಇದ್ದ. ಮಾತು ಬಂದಿತ್ತು, ಕೆನ್ನೆ ತುಂಬಿತ್ತು, ಕರುವಿನ ಹಿಂದೆ ಓಡುತ್ತಿದ್ದ. ಭಾವನಿಗೆ ಹತ್ತಿರದಲ್ಲೇ ಕೆಲಸವಾಗಿ ಗುಂಡ್ಲುಪೇಟೆಯಲ್ಲಿ ನಮ್ಮ ಬೀದಿಯಲ್ಲೇ ಮನೆ ಮಾಡಿದರು. ಸಂಜೆ ಅಕ್ಕನ ಮನೆಯಲ್ಲಿ ಕೂತರೆ ಆ ಕಲ್ಲಿನ ಬೀದಿ, ಎಡ್ನಾಳ ಹವೆಯ ಮಾತು, ಹುಂಜವಿಲ್ಲದ ಬೆಳಗು ಎಲ್ಲ ಮಾತಿಗೆ ಬರುತ್ತಿದ್ದವು. ಅಕ್ಕ ಇಂಗ್ಲೆಂಡನ್ನು ಎಂದೂ ಬೈಯಲಿಲ್ಲ. ಆ ಊರಿನ ಹೆಂಗಸರು ಒಳ್ಳೆಯವರು ಎಂದೇ ಹೇಳುತ್ತಿದ್ದಳು. ನನಗೂ ಹಾಗೆಯೇ ಅನ್ನಿಸುತ್ತದೆ. ಕಷ್ಟದ ದಿನಗಳಾದರೂ ಆ ವಸಂತವನ್ನು ನೆನೆದರೆ ಮನಸ್ಸು ಒಂಥರಾ ಮೆತ್ತಗಾಗುತ್ತದೆ.

ಮಾದುವನ್ನು ನನ್ನ ಸ್ಕೂಲಿಗೆ, ನನ್ನ ತರಗತಿಗೇ ಸೇರಿಸಿದರು. ಲಂಡನ್ನಿನಲ್ಲಿ ಕಲಿತ ಹೊಸ ಕ್ರಮವನ್ನೆಲ್ಲ ಅವನ ಮುಂದೆ ಸುರಿದೆ. ಬೇರೆ ಮಕ್ಕಳು ವಾರದಲ್ಲಿ ತಿದ್ದುವ ಅಕ್ಷರ ಇವನಿಗೆ ತಿಂಗಳು ಹಿಡಿಯುತ್ತಿತ್ತು. ತಿದ್ದಿದ್ದು ಮಾರನೆಯ ದಿನ ಜಾರಿ ಹೋಗುತ್ತಿತ್ತು. ಅವನು ಅಳುತ್ತಿರಲಿಲ್ಲ, ಮತ್ತೆ ಸ್ಲೇಟು ಒರೆಸಿಕೊಂಡು ಕೂರುತ್ತಿದ್ದ. ಅಕ್ಕ ದಿನಾ ಸಂಜೆ ಬಂದು ಒಂದೇ ಮಾತು ಕೇಳುತ್ತಿದ್ದಳು: "ಇವತ್ತು ಏನ್ ಕಲ್ತ?" ನಾನು ಏನೋ ಒಂದು ಹೇಳಿ ಕಳಿಸುತ್ತಿದ್ದೆ.

ಒಂದು ಸಂಜೆ ಅವಳು ಹೋಗದೆ ಅಲ್ಲೇ ಕೂತಳು.

"ನಿಜ ಹೇಳ್ಲಾ. ಆ ಪುಡೀನೇ ಅಲ್ವಾ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಸೀಸ ಮುಟ್ಟದ ಎಷ್ಟೋ ಮಕ್ಕಳೂ ನನ್ನ ತರಗತಿಯಲ್ಲಿ ನಿಧಾನವಾಗಿದ್ದವು.

"ಅಲ್ಲ ಬುಡಕ್ಕ," ಅಂದೆ. "ಭಾವನೂ ಚಿಕ್ಕಂದಿನಲ್ಲಿ ಇಂಗೇ ಇದ್ರಂತೆ. ಕುದೇರಿನ ಅವರ ಮೇಷ್ಟ್ರೇ ನಂಗೆ ಹೇಳಿದ್ರು."

ಅಕ್ಕ ನನ್ನನ್ನು ನೋಡಿದಳು. ಆಮೇಲೆ ನಕ್ಕಳು, ಕಣ್ಣು ತುಂಬಿಕೊಂಡು. "ಸುಳ್ಳು ಹೇಳಾಕೂ ಬರಕಿಲ್ವಲ್ಲಾ ನಿಂಗೆ. ಇನ್ನು ಮಕ್ಕಳ್ಗೆ ಎಂಗ್ ಪಾಠ ಹೇಳ್ತೀಯೋ."

ಆ ರಾತ್ರಿ ನಾನು ಊಟ ಮಾಡಲಿಲ್ಲ. ಇನ್ನು ಮೇಲೆ ಅವಳು ಕೇಳಲು ಬರುವುದಿಲ್ಲ ಅಂದುಕೊಂಡೆ.

ಮಾರನೆಯ ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಅವಳು ಗೇಟಿನ ಹತ್ತಿರವೇ ನಿಂತಿದ್ದಳು.

"ಇವತ್ತು ಏನ್ ಕಲ್ತ?"

ಮಾದು ನನ್ನ ಕೈ ಬಿಡಿಸಿಕೊಂಡು ಅವಳ ಕಡೆ ಓಡಿದ, ಸ್ಲೇಟನ್ನು ಎದೆಗೆ ಅವಚಿಕೊಂಡು.

"ಒಂದಕ್ಷರ," ಅಂದೆ. ಈ ಸಲ ಅದು ನಿಜವಾಗಿತ್ತು.